ಮೀನು, ಕೋಳಿ, ಹಾಲು ಬಿಟ್ಟದ್ದು ಎಂತಕ್ಕೆ? ನಮ್ಮೂರವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ರ, ಎಣ್ಮಕಜೆ ಪಂಚಾಯತು. ಮನೆಯಲ್ಲಿ ತುಳು, ಓದಿದ್ದು ಕನ್ನಡ ಮೀಡಿಯಂ, ಪೇಟೆಗೆ ಇಳಿದ್ರೆ ಮಲಯಾಳ. ಬೆಳಿಗ್ಗೆ ಮೀನಿನವರ ಹಾರ್ನ್ ಕೇಳದಿದ್ರೆ ಮಧ್ಯಾಹ್ನದ ಊಟಕ್ಕೆ ಎಂತ ಮಾಡುದು ಅಂತ ಚಿಂತೆ ಆಗುವ ಮನೆ ನಮ್ದು. ಅಂಥಾ ಮನೆಯವಳು ಮೊದ್ಲು ಕೋಳಿ ಮೀನು ಬಿಟ್ಟೆ, ಮತ್ತೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟೆ, ಇದಕ್ಕೆ ವೀಗನ್ ಅಂತಾರೆ. ಅಲ್ಲಿಂದ ಮದುವೆಮನೆಯಲ್ಲಿ, ಬಸ್ಸಲ್ಲಿ, ರೇಷನ್ ಅಂಗಡಿಯ ಕ್ಯೂನಲ್ಲಿ ಎಲ್ಲ ಕಡೆ ಪ್ರಶ್ನೆಗಳೇ. ಕೇಳುವವರಲ್ಲಿ ಹೆಚ್ಚಿನವರು ಪ್ರೀತಿಯಿಂದಲೇ ಕೇಳುದು, ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರ್ದಿಡ್ತೇನೆ.

ಎಂತಕ್ಕೆ ಬಿಟ್ಟದ್ದು? ಡಾಕ್ಟರು ಹೇಳಿದ್ರಾ?

ಇಲ್ಲ. ಶುಗರ್ ಇಲ್ಲ, ಕೊಲೆಸ್ಟರಾಲ್ ಇಲ್ಲ, ಹರಕೆಯೂ ಅಲ್ಲ.

ನಮ್ಮ ಊರಿನ ಕತೆ ನಿಮಗೆ ಗೊತ್ತುಂಟು. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರುತೋಟಗಳಿಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಡ್ತಿದ್ರು. ಆ ಗುಡ್ಡದ ನೀರು ಕುಡಿಯುವವರು ಕೆಳಗಿನ ನಾವು. ಹಿರಿಯರು ಹೇಳುವ ಪ್ರಕಾರ ಮೊದ್ಲು ಗೊತ್ತಾದದ್ದು ಪ್ರಾಣಿಗಳಿಂದಲೇ, ಜೇನು ಕಾಣದೆ ಆಯ್ತು, ತೋಡಿನ ಮೀನು ಸತ್ತು ತೇಲಿತು, ಪಡ್ರೆಯ ಕಡೆ ಹಟ್ಟಿಯಲ್ಲಿ ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದ್ವು. ಮತ್ತೆ ಮಕ್ಕಳು. ಹಾಸಿಗೆಯಲ್ಲೇ ಇರುವ ಮಕ್ಕಳನ್ನು ಎತ್ತಿ ಮೀಯಿಸಿ ತಿನ್ನಿಸಿ ಸಾಕಿದ ಅಮ್ಮಂದಿರು ನಮ್ಮ ನೆರೆಕರೆಯವರೇ. ಸುಪ್ರೀಂ ಕೋರ್ಟು ಆ ಮದ್ದನ್ನು ನಿಲ್ಲಿಸಿದ್ದು 2011ರಲ್ಲಿ, ಅಷ್ಟು ಹೊತ್ತಿಗೆ ಒಂದು ತಲೆಮಾರೇ ಅನುಭವಿಸಿ ಆಗಿತ್ತು. ಯಾರದ್ದೋ ಲಾಭಕ್ಕೆ ಬಾಯಿ ಇಲ್ಲದ ಶರೀರವೊಂದು ನೋವು ತಿನ್ನುದು ಅಂದ್ರೆ ಎಂತ ಅಂತ ನೋಡಿಕೊಂಡೇ ಬೆಳೆದವಳು ನಾನು, ಮತ್ತೆ ಒಂದು ದಿನ ಸಂತೆಯಲ್ಲಿ ಕೋಳಿಗಳನ್ನು ಕಾಲು ಕಟ್ಟಿ ಸ್ಕೂಟರಿಗೆ ತಲೆಕೆಳಗೆ ನೇತು ಹಾಕಿದ್ದು ಕಾಣುವಾಗ ಇದೂ ಅದೇ ಅಲ್ವಾ ಅಂತ ಅನ್ನಿಸ್ಲಿಕ್ಕೆ ಶುರುವಾಯ್ತು. ಇಷ್ಟು ವರ್ಷ ಕಂಡದ್ದೇ ದೃಶ್ಯ ಅದು, ಹೊಸತೇನಲ್ಲ. ಆದ್ರೆ ಆಮೇಲೆ ತಟ್ಟೆಯಲ್ಲಿ ಸುಕ್ಕ ಬಡಿಸಿದ್ರೆ ಕೈ ಹೋಗ್ತಾ ಇರ್ಲಿಲ್ಲ. ನನ್ನ ಕಾರಣ ಇಷ್ಟೇ. ಆರೋಗ್ಯ, ಪರಿಸರ ಎಲ್ಲ ಮತ್ತೆ ಓದಿ ತಿಳ್ಕೊಂಡದ್ದು.

ಬ್ರಾಹ್ಮಣರ ಹಾಗೆ ಆಗ್ಲಿಕ್ಕೆ ಹೊರಟದ್ದಾ? ಅಥವಾ ಯಾವ್ದಾದ್ರೂ ಪಾರ್ಟಿಗೆ ಸೇರಿದ್ಯಾ?

ಈ ಪ್ರಶ್ನೆ ಎಷ್ಟು ಜನ ನೇರ ಕೇಳ್ತಾರೋ ಅದಕ್ಕಿಂತ ಹೆಚ್ಚು ಜನ ಮನಸ್ಸಲ್ಲೇ ಕೇಳ್ತಾರೆ, ಅದು ನನಗೆ ಗೊತ್ತಾಗ್ತದೆ. ನಮ್ಮಲ್ಲಿ ಊಟ ಅಂದ್ರೆ ಜಾತಿ ಅಂತಲೇ ಲೆಕ್ಕ, ಹಾಗಾಗಿ ಕೇಳುದ್ರಲ್ಲಿ ತಪ್ಪಿಲ್ಲ.

ನನ್ನ ಊಟ ಯಾವ ಜಾತಿಯ ಊಟವೂ ಅಲ್ಲ. ನಮ್ಮ ಪಕ್ಕದ ಹವ್ಯಕರ ಮನೆಯಲ್ಲಿ ಮಜ್ಜಿಗೆ, ತುಪ್ಪ ಇಲ್ಲದೆ ಊಟ ಮುಗಿಯುದಿಲ್ಲ, ತಂಬುಳಿಗೆ ಮಜ್ಜಿಗೆ ಬೇಕು, ಮೇಲಾರಕ್ಕೆ ಮಜ್ಜಿಗೆ ಬೇಕು, ಹಾಗಾಗಿ ಅಲ್ಲಿ ನಾನು ಉಣ್ಣುದು ನಮ್ಮ ಮನೆಯಲ್ಲಿ ಉಣ್ಣುವಷ್ಟೇ ಕಷ್ಟ. ಮಾಂಸ ತಿನ್ನುವವರಿಗೆ ಬಾಡಿಗೆಗೆ ಮನೆ ಕೊಡುದಿಲ್ಲ ಅನ್ನುವವರನ್ನು ಕಂಡ್ರೆ ನನಗೆ ತುಂಬ ಬೇಜಾರಾಗ್ತದೆ. ತಿನ್ನುದರ ಮೇಲೆ ಮನುಷ್ಯರನ್ನು ಮೇಲೆ ಕೆಳಗೆ ಮಾಡುದು ನನಗೆ ಆಗದ ವಿಷಯ, ನನ್ನ ಅಜ್ಜಿ ಆ ಮೇಲೆ ಕೆಳಗೆ ಅನುಭವಿಸಿದವರು.

ಪಾರ್ಟಿಯ ಪ್ರಶ್ನೆ ಬರುದು ದನದ ವಿಷಯದಿಂದ. ನನಗೆ ದನದ ನೋವು ಬೇರೆ, ಬಂಗುಡೆಯ ನೋವು ಬೇರೆ ಅಂತಿಲ್ಲ. ದನ ಮಾತ್ರ ಪಾಪ, ಕೋಳಿ ಪರವಾಗಿಲ್ಲ ಅನ್ನುವ ಲೆಕ್ಕ ನನಗೆ ಅರ್ಥವೇ ಆಗುದಿಲ್ಲ. ಬೀಫ್ ತಿನ್ನುವವರು ನನಗೆ ಶತ್ರುಗಳಲ್ಲ. ನನ್ನ ಹೈಸ್ಕೂಲಿನ ಗೆಳತಿ ಬ್ಯಾರ್ತಿ (ಬ್ಯಾರಿ ಮುಸ್ಲಿಂ), ರಂಜಾನಿನ ನೋಂಬಿಗೆ ಅವಳ ಮನೆಗೆ ಹೋದ್ರೆ ಖರ್ಜೂರ, ಹಣ್ಣು, ತೆಂಗಿನಹಾಲಿನ ಜೀರಿಗೆ ಗಂಜಿ ನನಗೆ ಅಂತ ಬೇರೆ ತೆಗೆದಿಟ್ಟಿರ್ತಾಳೆ, "ನಿನ್ನ ಗಂಜಿಗೆ ತುಪ್ಪ ಹಾಕ್ಲಿಲ್ಲ, ಹೆದರ್ಬೇಡ" ಅಂತ ಹೇಳಿಯೇ ಬಡಿಸುದು. ಅವರ ಮನೆಯವರು ಬಿರಿಯಾನಿ ತಿನ್ನುವಾಗ ನಾನು ಅಲ್ಲೇ ಕೂತು ಉಣ್ತೇನೆ.

ವೆಜ್ಜಿಗೂ ವೀಗನ್ನಿಗೂ ಎಂತ ವ್ಯತ್ಯಾಸ?

ನಮ್ಮ ದೇಶದಲ್ಲಿ ವೆಜ್ ಅಂದ್ರೆ ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲು ಉಂಟು. ವೀಗನ್ ಅಂದ್ರೆ ಹಾಲು, ಮೊಸರು, ತುಪ್ಪ, ಜೇನುತುಪ್ಪ ಕೂಡ ಇಲ್ಲ, ಚರ್ಮದ ಚಪ್ಪಲಿ, ರೇಷ್ಮೆ ಸೀರೆ ಆದಷ್ಟು ಬೇಡ. ಪ್ಯಾಕೆಟಿನ ಮೇಲಿರುವ ಹಸಿರು ಚುಕ್ಕೆ ನೋಡಿ ಮೋಸ ಹೋಗ್ಬೇಡಿ, ಹಾಲಿನ ಪುಡಿ ಇದ್ದರೂ ಹಸಿರು ಚುಕ್ಕೆಯೇ ಇರ್ತದೆ. ವೀಗನ್ ಆಹಾರಕ್ಕೆ ಅಂತಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಬೇರೆ ನಿಯಮ ಮಾಡಿದೆ, ಅದರ ಗುರುತು ಬೇರೆ, ಆದ್ರೆ ಪೆರ್ಲ ಬದಿಯಡ್ಕದ ಅಂಗಡಿಗಳಲ್ಲಿ ಅದನ್ನು ಕಾಣುದು ಅಪರೂಪ. ಪ್ಯಾಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಎಂತೆಲ್ಲ ಹಾಕಿದ್ದಾರೆ ಅಂತ ಓದುದೇ ದಾರಿ.

ನವೆಂಬರ್ 1 ವಿಶ್ವ ವೀಗನ್ ದಿನವಂತೆ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ. ನಮಗೆ ಆ ದಿನ ಬಂದ್ರೆ ಮನಸ್ಸಿಗೆ ಬರುದು ಬೇರೆಯೇ.

ಕಡಲ ಕರೆಯ ಜಿಲ್ಲೆಯಲ್ಲಿ ಹುಟ್ಟಿ ಮೀನು ಸಹ ತಿನ್ನುದಿಲ್ವಾ? ಮೀನು ವೆಜ್ ಅಲ್ವಾ ನಮಗೆ?

ಕೋಳಿ ಬಿಡುದು ನನಗೆ ಸುಲಭ ಆಯ್ತು, ಕಷ್ಟ ಆದದ್ದು ಮೀನೇ. ಬೂತಾಯಿ ಮೀನಿನ ಪುಳಿಮುಂಚಿಯ ಪರಿಮಳ ಈಗ್ಲೂ ನನಗೆ ಬೇಕಾದ್ದೇ, ಸುಳ್ಳು ಹೇಳುದಿಲ್ಲ. ಆದ್ರೆ ಆ ಪರಿಮಳ ಎಲ್ಲಿಂದ ಬರುದು ಅಂತ ಅಡುಗೆ ಮಾಡುವವರಿಗೆ ಗೊತ್ತುಂಟು. ಹುರಿದ ಒಣಮೆಣಸು, ಕೊತ್ತಂಬರಿ, ಸ್ವಲ್ಪ ಮೆಂತೆ, ಓಮ, ಬೆಳ್ಳುಳ್ಳಿ, ಹುಳಿ, ಮೇಲಿಂದ ಹಸಿ ತೆಂಗಿನೆಣ್ಣೆ. ಇದೇ ಮಸಾಲೆಯನ್ನು ಗುಳ್ಳ ಬದನೆಗೋ ಹಸಿ ಬಾಳೆಕಾಯಿಗೋ ಹಾಕಿ ಮಣ್ಣಿನ ಚಟ್ಟಿಯಲ್ಲಿ ಕುದಿಸಿ ಒಂದು ರಾತ್ರಿ ಇಟ್ಟು ಮರುದಿನ ಕುಚ್ಚಲಕ್ಕಿ ಗಂಜಿಗೆ ಹಾಕಿ ನೋಡಿ. ಮೀನಿನ ರುಚಿ ಬರ್ತದೆ ಅಂತ ನಾನು ಹೇಳುದಿಲ್ಲ, ಆದ್ರೆ ಗಂಜಿ ಇಳಿತದೆ, ಚೆನ್ನಾಗಿಯೇ ಇಳಿತದೆ.

ಮೀನುಗಾರರ ಹೊಟ್ಟೆಪಾಡು ಎಂತಾಗ್ಬೇಕು ಅಂತ ಕೆಲವರು ಕೇಳ್ತಾರೆ. ನಾನೊಬ್ಬಳು ಬಿಟ್ಟದ್ರಿಂದ ಯಾರ ದೋಣಿಯೂ ನಿಲ್ಲುದಿಲ್ಲ, ಕಡಲಿಗೆ ಹೋಗುವವರ ಕಷ್ಟದ ಮೇಲೆ ನನಗೆ ಗೌರವ ಉಂಟು.

ಮಾಂಸ ಬಿಟ್ಟದ್ದು ಅರ್ಥ ಆಯ್ತು, ಹಾಲು ಎಂತಕ್ಕೆ ಬಿಡುದು? ಹಾಲು ಕರೆದ್ರೆ ದನ ಸಾಯುದಿಲ್ಲಲ್ಲ?

ದನ ಕರು ಹಾಕದೆ ಹಾಲು ಕೊಡುದಿಲ್ಲ. ಹುಟ್ಟುವ ಕರುಗಳಲ್ಲಿ ಅರ್ಧಾಂಶ ಗಂಡು. ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಹೋರಿಗೆ ಕೆಲ್ಸವೇ ಇಲ್ಲ, ಹಟ್ಟಿಯಲ್ಲಿ ಸುಮ್ಮನೆ ಕಟ್ಟಿ ಹುಲ್ಲು ಹಾಕ್ಲಿಕ್ಕೆ ಸಣ್ಣ ಕೃಷಿಕರಿಗೆ ಆಗುದಿಲ್ಲ. ಮತ್ತೆ ಅದು ಎಲ್ಲಿ ಹೋಗ್ತದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುದಿಲ್ಲ ಅಷ್ಟೇ. ಹಾಲು ಬತ್ತಿದ ಮುದಿ ದನದ್ದೂ ಅದೇ ಕತೆ.

ನನ್ನ ತವರಿನಲ್ಲಿ ಗಿಡ್ಡ ದನ ಇತ್ತು, ನಮ್ಮ ಕಾಸರಗೋಡು ಗಿಡ್ಡ, ಸೊಂಟದಷ್ಟು ಎತ್ತರ, ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಟ್ರೆ ದೊಡ್ಡದು, ಆದ್ರೆ ಗುಡ್ಡ ಹತ್ತಿ ಸೊಪ್ಪು ತಿಂದು ತಾನೇ ಹಟ್ಟಿಗೆ ಬರುವ ಜಾಣ ಜಾತಿ. ಅದರ ಗಂಡು ಕರುವನ್ನು ಕೊಟ್ಟ ಮೇಲೆ ದನ ಹಾಲು ಇಳಿಸ್ತಾ ಇರ್ಲಿಲ್ಲ, ಅಜ್ಜಿ ಎದುರಿಗೆ ಹಿಂಡಿ ಇಟ್ಟು ಬೆನ್ನು ಸವರಿ ಹೇಗೋ ಕರೀತಿದ್ರು, ದನ ಗೇಟಿನ ಕಡೆಗೇ ಮುಖ ಮಾಡಿ ಕೂಗ್ತಾ ಇತ್ತು. ಅಜ್ಜಿಗೂ ಅದು ಸಂಕಟವೇ, "ಎಂತ ಮಾಡುದು ಮಗಾ" ಅಂತ ಹೇಳಿ ಸೆರಗಲ್ಲಿ ಮುಖ ಒರೆಸಿಕೊಳ್ತಿದ್ರು. ಅಷ್ಟು ಪ್ರೀತಿಯಿಂದ ಸಾಕಿದ ಮನೆಯಲ್ಲೇ ಹೀಗೆ ಅಂದ್ರೆ ನೂರಾರು ದನ ಕಟ್ಟಿದ ದೊಡ್ಡ ಡೈರಿಯಲ್ಲಿ ಕರುವಿನ ಪಾಡು ಎಂತ ಇರ್ಬಹುದು ಅಂತ ಯೋಚನೆ ಮಾಡಿದ ಮೇಲೆ ಚಾಯಕ್ಕೆ ಹಾಲು ಹಾಕ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ.

ಗಾಂಧೀಜಿಯವರೂ 1912ರಲ್ಲಿ ಹಾಲು ಬಿಟ್ಟವರು, ದನಗಳನ್ನು ಹಿಂಸೆ ಮಾಡಿ ಹಾಲು ಹಿಂಡುವ ಪದ್ಧತಿ ಓದಿ. ಮತ್ತೆ ದೊಡ್ಡ ಕಾಯಿಲೆ ಬಂದಾಗ ಆಡಿನ ಹಾಲು ಕುಡಿದ್ರು, ಅದು ಈಗ್ಲೂ ಮನಸ್ಸನ್ನು ಚುಚ್ಚುತ್ತದೆ ಅಂತ ಅವರೇ ಬರೆದಿದ್ದಾರೆ.

ಹಾಗಾದ್ರೆ ತೋಟಕ್ಕೆ ಗೊಬ್ಬರ? ಹಟ್ಟಿ ಇಲ್ಲದೆ ಅಡಿಕೆ ಆಗ್ತದಾ?

ಇದು ಕೃಷಿಕರು ಕೇಳುವ ಪ್ರಶ್ನೆ, ತುಂಬ ಸರಿಯಾದ ಪ್ರಶ್ನೆ. ನಮ್ಮ ಕಡೆ ಹಟ್ಟಿ ಇಟ್ಕೊಳ್ಳುದೇ ಮುಕ್ಕಾಲು ಗೊಬ್ಬರಕ್ಕೆ. ನಮ್ಮ ತೋಟಕ್ಕೆ ಈಗ ಸೊಪ್ಪು, ಅಡಿಕೆ ಹಾಳೆ, ತೆಂಗಿನ ಗರಿ, ಬೂದಿ, ಎರೆಗೊಬ್ಬರ ಹಾಕ್ತೇವೆ. ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ನಮ್ಮ ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರೇ ಹೇಳಿಕೊಡ್ತಾರೆ, ಅದಕ್ಕೂ ಸ್ವಲ್ಪ ಸೆಗಣಿ ಸೇರಿಸ್ಲಿಕ್ಕುಂಟು. ಅದನ್ನು ಪಕ್ಕದ ಮನೆಯಿಂದ ತರ್ತೇವೆ. ಸೆಗಣಿಯನ್ನೂ ಮುಟ್ಟದ ವೀಗನ್ ಕೃಷಿ ಮಾಡುವವರು ಇದ್ದಾರೆ, ನಾನು ಅಲ್ಲಿವರೆಗೆ ಹೋಗಿಲ್ಲ, ಸಾಕಿದ ದನದ ಸೆಗಣಿ ಬಳಸುದ್ರಿಂದ ಅದಕ್ಕೆ ನೋವಿಲ್ಲ ಅಂತ ನನ್ನ ನಂಬಿಕೆ.

ತರಕಾರಿಗೂ ವಿಷ ಹೊಡೀತಾರಲ್ಲ? ಗಿಡಕ್ಕೂ ಜೀವ ಇಲ್ವಾ?

ವಿಷದ ವಿಷಯ ಎಣ್ಮಕಜೆಯವಳಿಗೆ ಯಾರೂ ಹೇಳಿಕೊಡ್ಬೇಕಂತಿಲ್ಲ. ಅದಕ್ಕೇ ಬಸಳೆ, ತೊಂಡೆ, ಅಲಸಂಡೆ, ಹರಿವೆ, ಕೆಸು ಮನೆಯ ಹಿತ್ತಿಲಲ್ಲೇ ಮಾಡುದು, ಪೇಟೆಯ ಹೂಕೋಸು ಎಲೆಕೋಸು ಕಮ್ಮಿ. ಹಲಸಿನಮರಕ್ಕೆ ಯಾರು ಮದ್ದು ಹೊಡೀತಾರೆ ಹೇಳಿ?

ಗಿಡಕ್ಕೆ ಜೀವ ಉಂಟು, ನೋವು ತಿಳಿಯುವ ನರ, ಮೆದುಳು ಇಲ್ಲ. ಮತ್ತೆ ಒಂದು ಕೋಳಿಯನ್ನು ದೊಡ್ಡದು ಮಾಡ್ಲಿಕ್ಕೆ ಅದರ ಮಾಂಸಕ್ಕಿಂತ ಹೆಚ್ಚು ತೂಕದ ಜೋಳ, ಸೋಯಾ ಹಾಕ್ಬೇಕು, ಹಾಗಾಗಿ ಗಿಡಗಳ ಲೆಕ್ಕ ಹಿಡಿದ್ರೂ ನಾವೇ ನೇರ ತಿನ್ನುದ್ರಲ್ಲಿ ಹಾನಿ ಕಮ್ಮಿ.

ಪ್ರೋಟೀನ್ ಎಲ್ಲಿಂದ?

ಎಲ್ಲರೂ ಕೇಳುದು ಇದನ್ನೇ, ಉತ್ತರ ಮಾತ್ರ ಅಜ್ಜಿಯ ಅಡುಗೆಕೋಣೆಯಲ್ಲೇ ಉಂಟು. ದೊಡ್ಡವರಿಗೆ ಶರೀರದ ತೂಕದ ಒಂದೊಂದು ಕಿಲೋಗೆ ದಿನಕ್ಕೆ ಸುಮಾರು 0.8ರಿಂದ 1 ಗ್ರಾಂ ಪ್ರೋಟೀನ್ ಬೇಕು. ಅಂದ್ರೆ 55 ಕಿಲೋ ಇರುವವರಿಗೆ 44ರಿಂದ 55 ಗ್ರಾಂ. 100 ಗ್ರಾಂ ಹುರುಳಿಯಲ್ಲಿ, ಹೆಸರುಕಾಳಿನಲ್ಲಿ, ಅಲಸಂಡೆ ಬೀಜದಲ್ಲಿ 22 ಗ್ರಾಂನ ಆಸುಪಾಸು ಉಂಟು, ಸೋಯಾ ಚಂಕ್ಸಿನಲ್ಲಿ 50 ಗ್ರಾಂ. ಬೆಳಿಗ್ಗೆ ಪುಟ್ಟಿಗೆ ಕಡಲೆ, ಮಧ್ಯಾಹ್ನ ಹುರುಳಿ ಸಾರು ಅಥವಾ ಹೆಸರಿನ ಗಸಿ, ಸಂಜೆಗೆ ಒಂದು ಹಿಡಿ ನೆಲಕಡಲೆ, ರಾತ್ರಿ ಬೇಳೆಯ ಪರಿಪ್ಪು. ತೊಂದರೆ ಆಗುದು ಮೀನು ಬಿಟ್ಟು ಬರೀ ಅನ್ನ, ತಿಳಿಸಾರು, ಉಪ್ಪಿನಕಾಯಿ ತಿನ್ನುವವರಿಗೆ. ತಟ್ಟೆಯಿಂದ ಮೀನು ಹೋದ ಜಾಗಕ್ಕೆ ಕಾಳು ಬರ್ಲೇಬೇಕು.

ಬಿ12 ಬಗ್ಗೆ ಹೆದರಿಕೆ ಆಗ್ತದೆ.

ಹೆದರಿಕೆ ಬೇಡ, ಆದ್ರೆ ಇದನ್ನು ಸಸಾರ ಮಾಡ್ಲೇಬೇಡಿ. ಬಿ12 ಗಿಡದ ಆಹಾರದಲ್ಲಿ ನಂಬುವಷ್ಟು ಇಲ್ಲ. ಗಂಜಿ ನೀರಲ್ಲಿ ಉಂಟು, ಮಣ್ಣು ಮೆತ್ತಿದ ಗೆಡ್ಡೆಯಲ್ಲಿ ಉಂಟು ಅಂತೆಲ್ಲ ವಾಟ್ಸಾಪಿನಲ್ಲಿ ಬರುದನ್ನು ನಂಬಿ ಕೂತ್ರೆ ಕಷ್ಟ. ದಿನಕ್ಕೆ ಬೇಕಾದ್ದು 2 ಮೈಕ್ರೋಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೇ, ಆದ್ರೆ ಅಷ್ಟು ಬೇಕೇ ಬೇಕು. ಲಿವರಿನಲ್ಲಿ ಸ್ಟಾಕ್ ಇರುದ್ರಿಂದ ಬಿಟ್ಟ ಕೂಡ್ಲೆ ಎಂತದೂ ಗೊತ್ತಾಗುದಿಲ್ಲ, ಕೆಲವರಿಗೆ ವರ್ಷಗಳ ನಂತರ ಪಾದ ಜುಂ ಅನ್ನುದು, ಸುಸ್ತು, ಮರೆವು ಶುರುವಾಗ್ತದೆ, ತಡವಾದ್ರೆ ನರಕ್ಕೆ ಆದ ಹಾನಿ ಪೂರ್ತಿ ಸರಿ ಆಗದೆಯೂ ಇರ್ಬಹುದು. ನಾನು ಹಾಲು ಬಿಡುವ ಮೊದ್ಲೇ ರಕ್ತ ಟೆಸ್ಟ್ ಮಾಡಿಸಿ ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಿದೆ, ಈಗ್ಲೂ ತಪ್ಪದೆ ತಗೊಳ್ತೇನೆ. ಡೋಸ್ ನಿಮ್ಮ ಡಾಕ್ಟರರೇ ಹೇಳ್ಬೇಕು. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೂ ಬಿ12 ಕಮ್ಮಿ ಇರುವವರು ಬೇಕಾದಷ್ಟು ಇದ್ದಾರೆ, ಅವರೂ ಒಮ್ಮೆ ನೋಡಿಸ್ಲಿ.

ಕಬ್ಬಿಣಾಂಶಕ್ಕೆ ಹರಿವೆ, ನುಗ್ಗೆಸೊಪ್ಪು, ಕಾಳುಗಳು ಉಂಟು, ಜೊತೆಗೆ ಲಿಂಬೆಯೋ ನೆಲ್ಲಿಕಾಯಿಯೋ ಸೇರಿದ್ರೆ ಮೈಗೆ ಚೆನ್ನಾಗಿ ಹತ್ತುತ್ತದೆ, ಊಟ ಮಾಡಿದ ಕೂಡ್ಲೆ ಚಾಯ ಕುಡಿಯುದು ಬೇಡ. ಕ್ಯಾಲ್ಸಿಯಂಗೆ ರಾಗಿ ಮತ್ತೆ ಎಳ್ಳು.

ಗಂಡನಿಗೆ, ಮಗನಿಗೆ ಮೀನು ಮಾಡಿ ಕೊಡ್ತೀಯಾ?

ಇಲ್ಲ. ಅವರು ತಿನ್ನುದನ್ನು ನಾನು ತಡೆಯುದೂ ಇಲ್ಲ. ನಮ್ಮವರಿಗೆ ಮೀನು ಬೇಕಾದ ದಿನ ಅವರೇ ತಂದು ಅವರೇ ಕೊಯ್ದು ಹಿಂದಿನ ಚಾವಡಿಯ ಒಲೆಯಲ್ಲಿ ಮಾಡ್ತಾರೆ, ಈಗ ನನಗಿಂತ ಚಂದ ಮಾಡ್ತಾರೆ ಅಂತ ಅತ್ತೆಯೇ ಹೇಳುದು. ಶುರುವಲ್ಲಿ ಅತ್ತೆಗೆ ತುಂಬ ಬೇಜಾರಾಗಿತ್ತು, ನಮ್ಮ ಅಡುಗೆ ಇವಳಿಗೆ ಹಿಡಿಸ್ಲಿಲ್ಲ ಅಂತ ಗ್ರಹಿಸಿದ್ರು. ಮತ್ತೆ ಅವರತ್ರವೇ ಕೂತು ಅವರ ಕಾಲದ ಆಟಿಯ, ಅಂದ್ರೆ ಜೋರು ಮಳೆಯ ತಿಂಗಳ, ಅಡುಗೆಗಳನ್ನು ಕೇಳ್ಲಿಕ್ಕೆ ಶುರು ಮಾಡಿದೆ, ತಜಂಕಿನ (ಚಗಟೆ ಸೊಪ್ಪಿನ) ಪಲ್ಯ, ಕಣಿಲೆ (ಬಿದಿರಿನ ಕಳಲೆ) ಗಸಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಪತ್ರೊಡೆ. ಇದ್ರಲ್ಲಿ ಯಾವ್ದಕ್ಕೂ ಹಾಲೂ ಬೇಡ, ಮೀನೂ ಬೇಡ. ಈಗ ನೆಂಟರು ಬಂದ್ರೆ "ನಮ್ಮ ಸೊಸೆಗೆ ನಾನು ಕಲಿಸಿದ್ದು" ಅಂತ ಅತ್ತೆಯೇ ಬಡಿಸ್ತಾರೆ.

ಮಗ ದೊಡ್ಡವನಾದ ಮೇಲೆ ಅವನೇ ತೀರ್ಮಾನ ಮಾಡ್ಲಿ. ಸಣ್ಣ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಪೂರ್ತಿ ವೀಗನ್ ಊಟ ಕೊಡುದಾದ್ರೆ ಡಾಕ್ಟರ ಸಲಹೆ ಇಲ್ಲದೆ ಮಾಡ್ಲೇಬೇಡಿ, ಅಲ್ಲಿ ಬಿ12 ಕಮ್ಮಿ ಆದ್ರೆ ಮಗುವಿನ ಬೆಳವಣಿಗೆಗೇ ಪೆಟ್ಟು.

ದೈವಕ್ಕೆ ಕೋಳಿ ಕೊಡುವ ಮನೆಯಲ್ಲಿ ಹೇಗೆ ನಡೆಸ್ತೀಯಾ?

ಈ ಪ್ರಶ್ನೆಗೆ ನಾನು ತುಂಬ ಮೆತ್ತಗೆ ಉತ್ತರ ಕೊಡ್ತೇನೆ, ಯಾಕಂದ್ರೆ ದೈವ ಅಂದ್ರೆ ನನಗೂ ಭಯಭಕ್ತಿ ಉಂಟು. ಕುಟುಂಬದ ತಂಬಿಲಕ್ಕೆ, ಅಂದ್ರೆ ದೈವದ ಸೇವೆಗೆ, ನಾನು ಹೋಗ್ತೇನೆ, ಕೈ ಮುಗೀತೇನೆ, ಗಂಧ ಹಚ್ಚಿಕೊಳ್ತೇನೆ. ಕೋಳಿಯ ಹೊತ್ತಿಗೆ ಅಲ್ಲಿ ನಿಲ್ಲುದಿಲ್ಲ, ಪ್ರಸಾದ ಅಂತ ಬಡಿಸುವ ಕೋಳಿ ರೊಟ್ಟಿಯಲ್ಲಿ ರೊಟ್ಟಿ ಮಾತ್ರ ತಗೊಳ್ತೇನೆ. ನಮ್ಮ ಮನೆಯ ಪಾಲಿನಿಂದ ಎಂತ ಕೊಡುದು ಅಂತ ಬಂದಾಗ ಸೀಯಾಳ, ಬಾಳೆಹಣ್ಣು, ಅವಲಕ್ಕಿ ಬೆಲ್ಲ ಕೊಡ್ತೇವೆ ಅಂತ ಹಿರಿಯರತ್ರ ಕೇಳಿದೆ. ಒಬ್ಬ ದೊಡ್ಡಮಾವನಿಗೆ ಸಿಟ್ಟು ಬಂತು, ಇನ್ನೊಬ್ಬರು "ದೈವ ನೋಡುದು ಮನಸ್ಸನ್ನು, ಅವಳು ಕೊಡ್ಲಿ" ಅಂದ್ರು. ಕುಟುಂಬದ ಕ್ರಮವನ್ನೇ ಬದಲಿಸಿ ಅಂತ ನಾನು ಎದ್ದು ನಿಂತು ಹೇಳಿಲ್ಲ. ಹೇಳ್ಬೇಕು ಅಂತ ಮನಸ್ಸಲ್ಲಿ ಉಂಟು, ಅದು ಒಬ್ಬಳಿಂದ ಆಗುವ ಮಾತಲ್ಲ, ಎಲ್ಲರೂ ಕೂತು ಒಪ್ಪಿ ಆಗ್ಬೇಕಾದ್ದು.

ನಾಗನ ಬನದಲ್ಲಿ ಹಾಲು, ಸೀಯಾಳ ಎರಡೂ ಎರೆಯುದು ಕ್ರಮ, ನಾನು ಸೀಯಾಳ ತಗೊಂಡು ಹೋಗ್ತೇನೆ. ಅದಕ್ಕೆ ಯಾರೂ ಏನೂ ಹೇಳಿಲ್ಲ.

ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆಯೇ ಸಸ್ಯಾಹಾರಿ ಆಗಿತ್ತಂತೆ, ಅದನ್ನು ನೋಡಿ ಕಲ್ತದ್ದಾ?

ಬಬಿಯಾ 2022ರ ಅಕ್ಟೋಬರಿನಲ್ಲಿ ಹೋದಾಗ ನಾನೂ ಅತ್ತವಳೇ. ಕೆರೆಯಲ್ಲಿ ನೈವೇದ್ಯ ತಿಂದುಕೊಂಡು ಯಾರಿಗೂ ಉಪದ್ರ ಮಾಡದೆ ಇತ್ತು ಅನ್ನುವ ನಂಬಿಕೆ ನಮಗೆಲ್ಲ ದೊಡ್ಡದು. ಆದ್ರೆ ಮೊಸಳೆ ಹುಟ್ಟಿನಿಂದ ಮಾಂಸ ತಿನ್ನುವ ಪ್ರಾಣಿ, ಅದಕ್ಕೆ ಬೇರೆ ದಾರಿ ಇಲ್ಲ. ನಮಗೆ ದಾರಿ ಉಂಟು. ಹುಲಿ, ಮೊಸಳೆಯ ಉದಾಹರಣೆ ಕೊಟ್ಟು ಯಾರೂ ವಾದ ಮಾಡುದು ಬೇಡ, ಆಚೆಗೂ ಬೇಡ, ಈಚೆಗೂ ಬೇಡ.

ಹೋಟೆಲಿನಲ್ಲಿ, ಮದುವೆಯಲ್ಲಿ ಎಂತ ತಿಂತೀಯಾ?

ಕೇರಳದ ಹೋಟೆಲಿನಲ್ಲಿ ವೀಗನ್ನಿಗೆ ಸುಖ ಉಂಟು. ಪುಟ್ಟು ಕಡಲೆ, ನೂಲ್‌ಪುಟ್ಟು, ಪಳಂಪೊರಿ ಹೆಚ್ಚಿನ ಕಡೆ ಹಾಲು ಮೊಟ್ಟೆ ಇಲ್ಲದ್ದೇ, ಕೇಳಿಕೊಂಡು ತಗೊಳ್ಳಿ. ಕಟ್ಟನ್ ಚಾಯ (ಹಾಲಿಲ್ಲದ ಚಾಯ) ಕೇಳಿದ್ರೆ ಯಾರೂ ವಿಚಿತ್ರ ನೋಡುದಿಲ್ಲ. ಪರೋಟ ಆದ್ರೆ ಹಿಟ್ಟಿಗೆ ಮೊಟ್ಟೆ ಹಾಕಿದ್ದೀರಾ ಅಂತ ಕೇಳ್ಬೇಕು. ಊಟಕ್ಕೆ ಕೂತ ಕೂಡ್ಲೆ "ಮೀನ್ ಚಾರ್ ವೇಂಡ, ಮೋರ್ ವೇಂಡ" (ಮೀನಿನ ಸಾರು ಬೇಡ, ಮಜ್ಜಿಗೆ ಬೇಡ) ಅಂತ ಹೇಳ್ಬಿಡಿ, ಇಲ್ಲದಿದ್ರೆ ಅನ್ನದ ಮೇಲೆ ಮೀನಿನ ಸಾರು ಬಿದ್ದಾಗಿರ್ತದೆ. ಅವಿಯಲಿಗೆ ಮೊಸರು ಇರ್ತದೆ, ಓಲನಿಗೆ ತೆಂಗಿನಹಾಲು. ಪಾಯಸದಲ್ಲಿ ಪಾಲಡ ಬೇಡ, ಅದು ಹಾಲಿನದ್ದು, ಅಡ ಪ್ರಥಮನಿಗೆ ತೆಂಗಿನಹಾಲು ಬೆಲ್ಲ, ತುಪ್ಪ ಹಾಕಿದ್ದಾರಾ ಅಂತ ಮಾತ್ರ ಕೇಳಿ.

ಮದುವೆಗೆ ಹೋಗುವಾಗ ಮನೆಯಲ್ಲಿ ಸ್ವಲ್ಪ ಗಂಜಿ ಕುಡಿದೇ ಹೋಗ್ತೇನೆ. ಅಲ್ಲಿ ಅನ್ನ, ಸಾಂಬಾರು, ಪಲ್ಯ, ಉಪ್ಪಿನಕಾಯಿ ಸಿಗ್ತದೆ. ಅಷ್ಟು ಸಾಕು, ನಾವು ಹೋಗುದು ಮದುಮಕ್ಕಳನ್ನು ನೋಡ್ಲಿಕ್ಕೆ.

ನನಗೂ ಮನಸ್ಸುಂಟು, ಎಲ್ಲಿಂದ ಶುರು ಮಾಡ್ಲಿ?

ಮಳೆಗಾಲದಿಂದ ಶುರು ಮಾಡಿ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ ಕೊನೆಯವರೆಗೆ 52 ದಿನ ಕೇರಳದಲ್ಲಿ ಟ್ರಾಲಿಂಗ್ ಬಂದ್, ಮೀನು ಹೇಗೂ ಕಮ್ಮಿ, ಇದ್ರೂ ರೇಟು ಮುಟ್ಟುವ ಹಾಗಿಲ್ಲ. ಹಿತ್ತಿಲಲ್ಲಿ ಕೆಸು, ತಜಂಕು, ಬಸಳೆ ಎಲ್ಲ ಚಿಗುರಿ ನಿಂತಿರ್ತದೆ. ಗುಜ್ಜೆಯ (ಎಳೆ ಹಲಸಿನಕಾಯಿಯ) ಕಾಲ ಅದಕ್ಕಿಂತ ಮೊದ್ಲೇ ಬರ್ತದೆ, ಆಗ ಕೋಳಿ ಸುಕ್ಕದ ಮಸಾಲೆಯಲ್ಲೇ ಗುಜ್ಜೆ ಸುಕ್ಕ ಮಾಡಿ ಮನೆಯವರಿಗೆಲ್ಲ ಬಡಿಸಿ ನೋಡಿ. ಗುಜ್ಜೆ ತುಂಬ ಬೆಂದು ಮುದ್ದೆ ಆಗ್ಬಾರದು, ಒಗ್ಗರಣೆಗೆ ತೆಂಗಿನೆಣ್ಣೆ, ಕಾಯಿತುರಿ ಕೊನೆಗೆ ಹುರಿದು ಹಾಕ್ಬೇಕು.

ಹಾಲನ್ನು ಒಂದೇ ಸಲ ಬಿಡ್ಬೇಕಂತಿಲ್ಲ. ಮೊದ್ಲು ಚಾಯ, ಮತ್ತೆ ತುಪ್ಪ, ಕೊನೆಗೆ ಮೊಸರು. ಮೊಸರನ್ನು ಬಿಡುದೇ ಹೆಚ್ಚಿನವರಿಗೆ ಕಷ್ಟ. ನೆಲಕಡಲೆ ನೆನೆಸಿ ಅರೆದು ಹಿಂಡಿದ ಹಾಲನ್ನು ಕುದಿಸಿ, ಉಗುರುಬೆಚ್ಚಗೆ ಆದ ಮೇಲೆ ನಾಲ್ಕೈದು ಹಸಿಮೆಣಸಿನ ತೊಟ್ಟು ಹಾಕಿ ಮುಚ್ಚಿಟ್ರೆ ಮರುದಿನ ಹುಳಿ ಬಂದು ಗಟ್ಟಿ ಆಗ್ತದೆ, ಅದನ್ನೇ ಹೆಪ್ಪಿಗೆ ತೆಗೆದಿಟ್ರೆ ಎರಡನೇ ಸಲದಿಂದ ರುಚಿ ಇನ್ನೂ ಒಳ್ಳೇದಾಗ್ತದೆ. ತಿಮರೆ (ಒಂದೆಲಗ) ತಂಬುಳಿಗೆ ಇದನ್ನು ಹಾಕಬಹುದು, ನೆಲಕಡಲೆಯ ಪರಿಮಳ ಹಿಡಿಸದವರು ತೆಂಗಿನಹಾಲಲ್ಲೇ ಮಾಡಿ ಸ್ವಲ್ಪ ಲಿಂಬೆ ಹಿಂಡಿದ್ರೂ ಆಗ್ತದೆ.